ಒಂದು ಚೀಟಿಯ ಬೆಲೆ

ಕಳೆದ ಭಾನುವಾರ ಬೆಳಿಗ್ಗೆ ನಾನು ಎರಡನೆಯ ಲೋಟ ಕಾಫಿಯ ನಿರೀಕ್ಷೆಯಲ್ಲಿ ಜಗಲಿಯ ಮೇಲೆ ಕುಳಿತಿದ್ದಾಗ, ಏಳನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಒಂದು ಕಾಗದವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಮಂಗಳಾರತಿಯ ತಟ್ಟೆ ತರುವವಳಂತೆ ಮೆಲ್ಲಗೆ ನಡೆದು ಬಂದು ನನ್ನೆದುರು ನಿಂತಳು. ದಪ್ಪನೆಯ ಕಾಗದ, ಸುತ್ತಲೂ ಚಿನ್ನದ ಬಣ್ಣದ ಬಳ್ಳಿ, ಕೆಳಗಿನ ಮೂಲೆಯಲ್ಲಿ ಇರುವೆಗಳು ಗುಂಪುಗೂಡಿದಂತೆ ಕಾಣುವ ಒಂದು ಕಪ್ಪು ಚೌಕ. ಫೋನನ್ನು ಆ ಚೌಕಕ್ಕೆ ಹಿಡಿದರೆ ಕಾಗದ ಅಸಲಿಯೋ ನಕಲಿಯೋ ತಿಳಿದುಬಿಡುತ್ತದಂತೆ. ಚಿರಂಜೀವಿಯು ‘ಬೇಕಿಂಗ್’ ಎಂಬ ವಿದ್ಯೆಯಲ್ಲಿ, ಎಂದರೆ ಕೇಕು ಬ್ರೆಡ್ಡು ಬೇಯಿಸುವ ವಿದ್ಯೆಯಲ್ಲಿ, ಹದಿನೈದು ಗಂಟೆಗಳ ಶಿಕ್ಷಣವನ್ನು ಯಶಸ್ವಿಯಾಗಿ ಪೂರೈಸಿದ್ದಾಳೆಂದು ಅದರಲ್ಲಿ ಅಚ್ಚಾಗಿತ್ತು.

“ತಾತ, ಇದಕ್ಕೆ ಕಟ್ಟು ಹಾಕಿಸಿ ಕೊಡ್ತೀಯಾ?” ಎಂದಳು.

ಒಳಗಿನಿಂದ ನನ್ನಾಕೆ ಕೇಳಿದಳು: “ಏನೇನು ಬೇಯಿಸಿದ್ಯೇ ಪುಟ್ಟಿ? ನಮಗೊಂದು ಚೂರೂ ತರಲಿಲ್ಲ.”

“ಬೇಯಿಸೋದೇನೂ ಇರಲಿಲ್ಲ ಅಜ್ಜಿ. ನಮ್ಮ ಸ್ಕೂಲಲ್ಲಿ ಓವನ್ ಇಲ್ಲ. ವಿಡಿಯೋ ನೋಡಿ ಸರಿಯಾದ ಉತ್ತರಕ್ಕೆ ಗುರುತು ಹಾಕಬೇಕಿತ್ತು. ನನಗೆ ಇಪ್ಪತ್ತಕ್ಕೆ ಹತ್ತೊಂಬತ್ತು!”

“ಹಾಗಿದ್ರೆ ಮುಂದಿನ ತಿಂಗಳು ಈಜೂ ಕಲಿತುಬಿಡು, ನೆಲದ ಮೇಲೇ ಕೂತು” ಎಂದು ಹೇಳಿ ನನ್ನಾಕೆ ಒಗ್ಗರಣೆಗೆ ಸಾಸಿವೆ ಹಾಕಿದಳು.

ನಾನು ನಗಬೇಕಾಗಿತ್ತು, ನಗು ಬರಲಿಲ್ಲ. ಹುಡುಗಿಯ ಮನಸ್ಸು ನೊಂದೀತೆಂಬ ದಾಕ್ಷಿಣ್ಯವೂ ಇರಬಹುದು. ಆದರೆ ನಿಜವಾದ ಕಾರಣ ಬೇರೆ. ಇಂಥದೇ ಒಂದು ಸುಳ್ಳನ್ನು, ಚಿನ್ನದ ಬಳ್ಳಿಯಿಲ್ಲದೆ ಕಪ್ಪು ಶಾಯಿಯಲ್ಲಿ, ನಾನೇ ಒಮ್ಮೆ ನಲವತ್ತೆರಡು ಸಲ ಬರೆದಿದ್ದೇನೆ. ಅದರಿಂದ ನಲವತ್ತೊಂದು ಮಂದಿಗೆ ಏನೂ ಆಗಲಿಲ್ಲ. ಉಳಿದ ಒಬ್ಬನ ವಿಚಾರ ಹೇಳುವುದಕ್ಕೇ ಈ ಬರಹ. ಆದರೆ ಅಲ್ಲಿಗೆ ಹೋಗುವ ಮುನ್ನ ನನ್ನ ತಗಡಿನ ಟ್ರಂಕನ್ನು ಸ್ವಲ್ಪ ತೆರೆಯಬೇಕು.

ಚಿಕ್ಕಪುಟ್ಟ ಸರ್ಟಿಫಿಕೇಟುಗಳನ್ನು ಕಂಡು ಮೂಗು ಮುರಿಯುವ ಅಧಿಕಾರ ನನಗಂತೂ ಇಲ್ಲ. ಅಟ್ಟದ ಮೇಲಿರುವ ಆ ಟ್ರಂಕಿನಲ್ಲಿ ಅವು ಬೇಕಾದಷ್ಟಿವೆ. ಚಿತ್ರಕಲೆಯ ‘ಲೋಯರ್ ಗ್ರೇಡ್’ ಪರೀಕ್ಷೆಯದೊಂದು, ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ‘ಪ್ರಾಥಮಿಕ’ದ್ದೊಂದು, ‘ಮಧ್ಯಮಾ’ದ್ದೊಂದು, ನಮ್ಮಕ್ಕನ ಸಂಗೀತ ಜೂನಿಯರ್ ಪರೀಕ್ಷೆಯದು, ಅವಳು ಗಂಡನ ಮನೆಗೆ ಹೋಗುವಾಗ ಮರೆತು ಬಿಟ್ಟುಹೋದದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳ ಹೆಸರುಗಳನ್ನು ಓದುಗರು ಬಲ್ಲರಷ್ಟೆ: ಪ್ರವೇಶ, ಕಾವ, ಜಾಣ, ರತ್ನ. ನಾನು ಪ್ರವೇಶ ಮಾಡಿದೆ, ಕಾವನೂ ಆದೆ, ಜಾಣ ಪರೀಕ್ಷೆಗೆ ಕಟ್ಟಿ ನಪಾಸಾದೆ. ಆದ್ದರಿಂದ ನಾನು ಜಾಣನಲ್ಲವೆಂಬುದಕ್ಕೆ ಪರಿಷತ್ತೇ ಸಾಕ್ಷಿ. ನನ್ನಾಕೆ ಸಮಯ ಬಂದಾಗಲೆಲ್ಲ ಆ ಸಾಕ್ಷ್ಯವನ್ನು ಉಪಯೋಗಿಸಿಕೊಳ್ಳುತ್ತಾಳೆ.

ಇಂಥ ಚಿಕ್ಕ ಚಿಕ್ಕ ಯೋಗ್ಯತಾಪತ್ರಗಳಿಗೆ ಈಗ ‘ಮೈಕ್ರೋ ಕ್ರೆಡೆನ್ಷಿಯಲ್’ ಎಂಬ ಘನವಾದ ಹೆಸರು ಬಂದಿದೆ. ಹೆಸರು ಹೊಸದು, ಪದಾರ್ಥ ಹಳೆಯದು. ವರ್ಷಗಟ್ಟಲೆ ಓದಿ ಪಡೆಯುವ ದೊಡ್ಡ ಪದವಿಯ ಪಕ್ಕದಲ್ಲಿ, ‘ಇವನಿಗೆ ಇಂಥ ಒಂದು ಕೆಲಸ ಬರುತ್ತದೆ’ ಎಂದು ಮಾತ್ರ ಹೇಳುವ ಒಂದು ಚೀಟಿ. ಅದರಲ್ಲಿ ತಪ್ಪೇನಿದೆ?

ನನ್ನ ಟ್ರಂಕಿನಲ್ಲಿರುವ ಚೀಟಿಗಳಲ್ಲೆಲ್ಲ ನನಗೆ ಹೆಮ್ಮೆಯದು ಬೆರಳಚ್ಚಿನ ಜೂನಿಯರ್ ಪರೀಕ್ಷೆಯದು. ೧೯೬೯ರ ಬೇಸಿಗೆ, ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗರನ್ನು ಮನೆಯಲ್ಲಿ ಸುಮ್ಮನೆ ಕೂರಿಸಿದರೆ ಕೆಡುತ್ತಾರೆಂದು ಎಲ್ಲ ತಂದೆಗಳೂ ನಂಬಿದ್ದ ಕಾಲ. ಮೈಸೂರಿನಲ್ಲಿ ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ನಮ್ಮ ಇನ್‌ಸ್ಟಿಟ್ಯೂಟು. ಕೆಳಗಿನಿಂದ ಒಣಮೆಣಸಿನಕಾಯಿಯ ಘಾಟು, ಮೇಲೆ ಹನ್ನೆರಡು ಹಳೆಯ ಯಂತ್ರಗಳ ಗದ್ದಲ. ಮೊದಲ ಹದಿನೈದು ದಿನ ಎಡಗೈಯಲ್ಲಿ ಎ, ಎಸ್, ಡಿ, ಎಫ್. ಬಲಗೈಯಲ್ಲಿ ಸೆಮಿಕೋಲನ್, ಎಲ್, ಕೆ, ಜೆ. ಮೇಷ್ಟ್ರು ಮಾತನಾಡುತ್ತಿರಲಿಲ್ಲ. ಹಿಂದೆ ನಿಂತು ಕಿವಿಯಿಂದಲೇ ಕೇಳುತ್ತಿದ್ದರು. ಕಿರುಬೆರಳು ಮಾಡಬೇಕಾದ ಕೆಲಸವನ್ನು ಉಂಗುರದ ಬೆರಳು ಮಾಡಿದರೆ, ಆ ಗದ್ದಲದಲ್ಲೂ ಹೇಗೋ ಗೊತ್ತುಹಿಡಿದು ಅಡಿಕೋಲಿನಿಂದ ಗೆಣ್ಣಿಗೆ ತಟ್ಟುತ್ತಿದ್ದರು.

ಪರೀಕ್ಷೆಯ ದಿನ ಯಂತ್ರಗಳನ್ನು ಜಟಕಾದಲ್ಲಿ ಹೇರಿಕೊಂಡು ಕೇಂದ್ರಕ್ಕೆ ಹೋದೆವು. ಗಂಟೆ ಬಾರಿಸಿದೊಡನೆ ಇಡೀ ಹಾಲಿನ ಯಂತ್ರಗಳೆಲ್ಲ ಒಮ್ಮೆಲೇ ಹೊಡೆದುಕೊಂಡವು, ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಅಲ್ಲಿ ಪಕ್ಕದವನನ್ನು ನೋಡಿ ಬರೆಯುವುದೆಂಬುದಿಲ್ಲ; ಉರು ಹೊಡೆದದ್ದನ್ನು ಕಕ್ಕುವುದೆಂಬುದಿಲ್ಲ. ಬೆರಳಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ಚೀಟಿಯ ಬೆಲೆಯೆಲ್ಲ ಇದ್ದದ್ದು ಇದರಲ್ಲಿ. ಅದನ್ನು ಕೊಟ್ಟವರು ನನ್ನ ಬೆರಳು ಕೆಲಸ ಮಾಡಿದ್ದನ್ನು ನೋಡಿ ಕೊಟ್ಟಿದ್ದರು. ನೋಡಿದವರಿಗೆ ನಂಬಿಕೆ ಬಾರದಿದ್ದರೆ ಐದು ನಿಮಿಷದಲ್ಲಿ ನನ್ನನ್ನು ಯಂತ್ರದ ಮುಂದೆ ಕೂರಿಸಿ ಪರೀಕ್ಷೆ ಮಾಡಬಹುದಾಗಿತ್ತು. ಚೀಟಿ ಸಣ್ಣದು, ಆದರೆ ಗಟ್ಟಿ.

ಕೈಕೆಲಸವನ್ನು ಶಾಲೆಗೆ ತರಬೇಕೆಂಬ ಆಸೆ ನಮ್ಮ ದೇಶದ ಹಿರಿಯರಿಗೆ ಇರಲಿಲ್ಲವೆಂದಲ್ಲ. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಅದನ್ನೇ ಹೇಳಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ೧೯೬೪ರಿಂದ ೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. ೧೯೭೭ರಲ್ಲಿ ಈಶ್ವರಭಾಯಿ ಪಟೇಲರ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದು ಉಸಿರು ಕಟ್ಟುವಷ್ಟು ಉದ್ದದ ಹೆಸರಿಟ್ಟಿತು. ಅದರ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರಗಳು ಎಸ್.ಯು.ಪಿ.ಡಬ್ಲ್ಯೂ. ‘ಕೆಲವು ಒಳ್ಳೆಯ ಪೀರಿಯಡುಗಳು ಹಾಳು’ ಎಂಬರ್ಥ ಬರುವಂತೆ ದೇಶದ ಹುಡುಗರೆಲ್ಲ ಆ ಅಕ್ಷರಗಳನ್ನು ಬಿಡಿಸಿಕೊಂಡಿದ್ದರು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಕೇಂದ್ರ ಮಂಡಳಿಯ ಶಾಲೆಗಳ ಅದೇ ತರಗತಿಗಳಿಗೆ ಹನ್ನೆರಡು ಹದಿನೈದು ಗಂಟೆಗಳ ಪುಟ್ಟ ಪಾಠಗಳಿವೆ. ಮಡಕೆಯಿಂದ ಹಿಡಿದು ರಾಕೆಟ್ಟಿನವರೆಗೆ, ಖಾದಿಯಿಂದ ಹಿಡಿದು ಕೃತಕ ಬುದ್ಧಿಯವರೆಗೆ. ೨೦೨೩ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಮುಂದೆ ಹೋಗಿ, ವರ್ಷಕ್ಕೆ ೧೨೦೦ ಗಂಟೆಗಳ ಕಲಿಕೆ, ಅದಕ್ಕೆ ೪೦ ಕ್ರೆಡಿಟ್ಟು ಎಂದು ಲೆಕ್ಕ ಕಟ್ಟಿದೆ. ಮೂವತ್ತು ಗಂಟೆಗೆ ಒಂದು. ಆ ಲೆಕ್ಕದಲ್ಲಿ ನಮ್ಮ ಮೊಮ್ಮಗಳು ಬೇಯಿಸದೆ ಬಿಟ್ಟ ಕೇಕಿಗೆ ಅರ್ಧ ಕ್ರೆಡಿಟ್ಟು ಸಲ್ಲಬೇಕು.

ಉದ್ದೇಶವನ್ನು ನಾನು ಹಾಸ್ಯ ಮಾಡುತ್ತಿಲ್ಲ. ಪ್ರತಿಸಲವೂ ಉದ್ದೇಶ ಚೆನ್ನಾಗಿಯೇ ಇತ್ತು. ಅದು ದೆಹಲಿಯಿಂದ ಹೊರಟು ಬೆಂಗಳೂರಿಗೆ ಬಂದು, ಅಲ್ಲಿಂದ ಜಿಲ್ಲೆ, ತಾಲ್ಲೂಕು ಎಂದು ಇಳಿಯುತ್ತಾ ಇಳಿಯುತ್ತಾ, ಕೊನೆಗೆ ನನ್ನಂಥ ಒಬ್ಬ ಮೇಷ್ಟ್ರ ಕೈಯಲ್ಲಿರುವ ಪೆನ್ನಿನ ತುದಿಗೆ ಬಂದು ನಿಲ್ಲುತ್ತದೆ. ಕೆಡುವುದು ಅಲ್ಲಿ.

ನಾನು ಮಂಡ್ಯದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನಗಳ ಮೇಷ್ಟ್ರಾಗಿದ್ದೆ. ವಾರಕ್ಕೆ ಎರಡು ಪೀರಿಯಡು ಕಾರ್ಯಾನುಭವ. ಅದೂ ನನ್ನ ತಲೆಗೇ ಬಂದಿತ್ತು. ಮಾಡಿಸುವುದಕ್ಕೆ ಸಾಮಾನಿರಲಿಲ್ಲ. ಸೀಮೆಸುಣ್ಣ ಮಾಡುವ ಒಂದು ಅಚ್ಚು ಮಾತ್ರ ಇತ್ತು. ತಪಾಸಣೆಗೆ ಸಾಹೇಬರು ಬರುವ ವರ್ತಮಾನ ಬಂದಾಗ ಒಂದು ದಿನ ಅದರಲ್ಲಿ ಸೀಮೆಸುಣ್ಣ ಎರಕ ಹೊಯ್ದೆವು. ಸಾಹೇಬರು ಅದರಲ್ಲೊಂದನ್ನು ಎತ್ತಿಕೊಂಡು ಬೋರ್ಡಿನ ಮೇಲೆ ‘ಸಂತೋಷ’ ಎಂದು ಬರೆಯಹೋದರು; ‘ಸಂ’ ಎನ್ನುವಷ್ಟರಲ್ಲಿ ಅದು ಮೂರು ತುಂಡಾಯಿತು. ಉಳಿದ ದಿನಗಳಲ್ಲಿ ಆ ಪೀರಿಯಡಿನಲ್ಲಿ ನಾನು ಬೀಜಗಣಿತ ಮಾಡುತ್ತಿದ್ದೆ. ಪಬ್ಲಿಕ್ ಪರೀಕ್ಷೆಯಲ್ಲಿ ಶೇಕಡಾವಾರು ಕಡಿಮೆಯಾದರೆ ಕೇಳುವವರಿದ್ದರು. ಸೀಮೆಸುಣ್ಣ ಮುರಿದರೆ ಕೇಳುವವರಿರಲಿಲ್ಲ.

ವರ್ಷದ ಕೊನೆಗೆ ಪ್ರಗತಿಪತ್ರದಲ್ಲಿ ‘ಕಾರ್ಯಾನುಭವ’ ಎಂಬ ಕಾಲಂ ತುಂಬಬೇಕಲ್ಲ! ನಲವತ್ತೆರಡು ಹುಡುಗರ ಕಾರ್ಡುಗಳನ್ನು ಸಾಲಾಗಿ ಹರಡಿಕೊಂಡು, ಅಡಿಯಿಂದ ಮುಡಿಯವರೆಗೂ ‘ಎ’, ‘ಎ’, ‘ಎ’ ಎಂದು ಬರೆದು ರುಜು ಹಾಕಿದೆ. ಔದಾರ್ಯವೆಂದೇ ನಾನು ತಿಳಿದಿದ್ದೆ. ಮಕ್ಕಳಿಗೆ ಎಲ್ಲಾದರೂ ಒಂದು ಕಡೆ ಒಳ್ಳೆಯ ಅಕ್ಷರ ಬೀಳಲಿ. ನನ್ನ ಗಂಟೇನು ಹೋಗುವುದು?

ಆ ನಲವತ್ತೆರಡರಲ್ಲಿ ಒಬ್ಬ ಹುಡುಗನಿದ್ದ. ಹಿಂದಿನ ಬೆಂಚು, ಎಣ್ಣೆ ಕಾಣದ ಕೂದಲು, ಉಗುರಿನ ಸಂದಿನಲ್ಲಿ ಯಾವಾಗಲೂ ಗ್ರೀಸಿನ ಕಪ್ಪು. ಅವರ ಸೋದರಮಾವ ಪಂಪ್‌ಸೆಟ್ಟುಗಳ ರಿಪೇರಿಗೆ ಹೋಗುತ್ತಿದ್ದ. ಈ ಹುಡುಗ ರಜಾದಿನಗಳಲ್ಲಿ ಅವನ ಹಿಂದೆ ಸಾಮಾನಿನ ಚೀಲ ಹೊತ್ತು ತಿರುಗುತ್ತಿದ್ದ. ತರಗತಿಯಲ್ಲಿ ಎದ್ದು ನಿಲ್ಲಿಸಿದರೆ ಎರಡರ ಮಗ್ಗಿಯೂ ಮರೆತುಹೋಗುತ್ತಿತ್ತು.

ನಮ್ಮ ಶಾಲೆಯ ಹಿಂದೆ ಒಂದು ತೆರೆದ ಬಾವಿ, ದಾನಿಗಳು ಕೊಟ್ಟ ಒಂದು ಪಂಪು ಇದ್ದವು. ಒಂದು ಮಧ್ಯಾಹ್ನ ಸ್ವಿಚ್ಚು ಹಾಕಿದರೆ ಮೋಟಾರೇನೋ ತಿರುಗಿತು. ನೀರು ಮಾತ್ರ ಬರಲಿಲ್ಲ. ಜವಾನ ಎರಡು ಸಲ ಪಂಪನ್ನು ಒದ್ದ. ಪಟ್ಟಣದಿಂದ ಮೆಕ್ಯಾನಿಕ್ಕನ್ನು ಕರೆಸಬೇಕೆಂದು ಮಾತಾಡಿಕೊಳ್ಳುತ್ತಿದ್ದೆವು. ಈ ಹುಡುಗ ಬಂದು ಸ್ವಲ್ಪ ಹೊತ್ತು ತಲೆ ಓರೆ ಮಾಡಿಕೊಂಡು ಕೇಳುತ್ತ ನಿಂತ. ನನ್ನ ಬೆರಳಚ್ಚಿನ ಮೇಷ್ಟ್ರು ನಿಲ್ಲುತ್ತಿದ್ದರಲ್ಲ, ಹಾಗೆಯೇ.

“ಮೋಟ್ರು ಸುಮ್ಕೆ ಹಗೂರಾಗಿ ತಿರುಗ್ತಾ ಅದೆ ಸಾ. ಒಳಗೆ ನೀರಿಲ್ಲ, ಗಾಳಿ ಅದೆ. ಕೆಳಗಡೆ ಫುಟ್‌ವಾಲು ಕಚ್ತಾ ಇಲ್ಲ” ಎಂದ.

ನಾನು ನೋಡುತ್ತಿದ್ದಂತೆಯೇ ಬಾವಿಗಿಳಿದ. ಪೈಪಿನ ಬುಡದ ವಾಲ್ವನ್ನು ಬಿಚ್ಚಿ ಮೇಲಕ್ಕೆ ತಂದ. ಒಳಗಿನ ತೊಗಲಿನ ಬಿಲ್ಲೆ ಸವೆದು ಹರಿದಿತ್ತು. ಜವಾನನ ಹಳೆಯ ಚಪ್ಪಲಿಯ ಅಟ್ಟೆಯಿಂದ ಅದೇ ಅಳತೆಯ ಬಿಲ್ಲೆಯೊಂದನ್ನು ಕತ್ತರಿಸಿ ಕೂರಿಸಿದ. ಮತ್ತೆ ಇಳಿದು ವಾಲ್ವು ಬಿಗಿದು ಬಂದು, ಪೈಪಿನ ತುಂಬ ನೀರು ಹೊಯ್ದು, ಗಾಳಿಯೆಲ್ಲ ಗುಳುಗುಳು ಎಂದು ಹೊರಟುಹೋದ ಮೇಲೆ ಸ್ವಿಚ್ಚು ಹಾಕಿಸಿದ. ನೀರು ತೊಟ್ಟಿಗೆ ದುಮುಕಿತು. ಎಲ್ಲ ಸೇರಿ ಮುಕ್ಕಾಲು ಗಂಟೆ.

ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದ: “ಬ್ಯಾಸಗೇಲಿ ನೀರು ಇಪ್ಪತ್ತೈದು ಅಡಿಗಿಂತ ಕೆಳಕ್ಕೆ ಹೋದ್ರೆ ಮೋಟ್ರನ್ನೂ ಬಾವಿ ಒಳಕ್ಕೆ ಇಳಿಸ್ಬೇಕು ಸಾ. ಮೇಲಿಂದ ಎಳೆಯಾಕಾಗಾಕಿಲ್ಲ.”

“ಯಾಕೆ?” ಎಂದೆ.

“ಯಾಕೋ ಗೊತ್ತಿಲ್ಲ ಸಾ. ಎಂಥ ಮೋಟ್ರಾದ್ರೂ ಎಳೆಯಾಕಿಲ್ಲ, ಅಷ್ಟೆ.”

ಆ ವಾರದಲ್ಲೇ ನಾನು ಅದೇ ಹುಡುಗನಿಗೆ ವಾತಾವರಣದ ಒತ್ತಡದ ಪಾಠ ಮಾಡಿದ್ದೆ. ಟಾರಿಚೆಲ್ಲಿ, ೧೬೪೩, ಪಾದರಸ, ೭೬ ಸೆಂಟಿಮೀಟರು. ಅವನು ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಉತ್ತರವನ್ನೇ ಬರೆದಿರಲಿಲ್ಲ. ಸೊನ್ನೆ ಹಾಕಿದ್ದೆ. ಪಾದರಸವನ್ನು ೭೬ ಸೆಂಟಿಮೀಟರಿನವರೆಗೆ ಎತ್ತಿ ಹಿಡಿಯುವ ಗಾಳಿಯ ಒತ್ತಡ ನೀರನ್ನಾದರೆ ಸುಮಾರು ಹತ್ತು ಮೀಟರಿನಷ್ಟು ಎತ್ತೀತು, ಅದಕ್ಕಿಂತ ಮೇಲೆ ಸಾಧ್ಯವಿಲ್ಲ. ಪಂಪಿನ ಸೋರಿಕೆ, ಪೈಪಿನ ತಿಕ್ಕಾಟಗಳನ್ನು ಕಳೆದರೆ ಅವನು ಹೇಳಿದ ಇಪ್ಪತ್ತೈದು ಅಡಿಯೇ ಉಳಿಯುತ್ತದೆ. ನನ್ನ ಪಾಠವೂ ಅವನ ಬಾವಿಯೂ ಒಂದೇ ಆಗಿದ್ದವು. ನಡುವೆ ಇದ್ದದ್ದು ಒಂದು ಗೋಡೆ, ಒಂದು ಕಿಟಕಿ. ಆ ಕಿಟಕಿಯಿಂದ ಅವನೂ ಈಚೆ ನೋಡಲಿಲ್ಲ, ನಾನೂ ಆಚೆ ನೋಡಲಿಲ್ಲ.

ಮೇಷ್ಟ್ರಾಗಿ ನಾನು ಎಷ್ಟು ಕುರುಡನಾಗಿದ್ದೆನೆಂಬುದು ನಿವೃತ್ತನಾದ ಮೇಲೆ ಇನ್ನೂ ಚೆನ್ನಾಗಿ ತಿಳಿಯಿತು. ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ನೀರೆತ್ತದ ಪಂಪೊಂದನ್ನು ರಿಪೇರಿ ಮಾಡಲು ಕರೆಸಿದ ಕೆಲಸಗಾರ, ದೋಷ ಪಂಪಿನಲ್ಲಿಲ್ಲ, ನೀರು ಬಹಳ ಕೆಳಗೆ ಹೋಗಿದೆ, ಅಷ್ಟು ಆಳದಿಂದ ಯಾವ ಪಂಪೂ ಎಳೆಯದು ಎಂದನಂತೆ. ಪಂಡಿತರು ಆ ಮಾತನ್ನು ತಳ್ಳಿಹಾಕಲಿಲ್ಲ; ಏಕೆ ಎಳೆಯದು ಎಂದು ಯೋಚಿಸಿದರು. ಹಾಗೆ ಯೋಚಿಸಿದವರ ಸಾಲಿನಲ್ಲಿ ಬಂದವನೇ ಟಾರಿಚೆಲ್ಲಿ. ಎಂದರೆ, ನಾನು ಬೋರ್ಡಿನ ಮೇಲೆ ಬರೆದ ಪಾಠ ಹುಟ್ಟಿದ್ದೇ ಗ್ರೀಸು ಮೆತ್ತಿದ ಕೈಯ ಒಬ್ಬನ ಮಾತಿನಿಂದ. ನಮ್ಮ ಬಾವಿಯ ಕಟ್ಟೆಯ ಮೇಲೆ ನಿಂತು ಅವನೇ ಮತ್ತೊಮ್ಮೆ ಮಾತಾಡಿದಂತಿತ್ತು. ನಾನು “ಸರಿ, ಕೈ ತೊಳ್ಕೊಂಡು ಕ್ಲಾಸಿಗೆ ಹೋಗು” ಎಂದಿದ್ದೆ.

ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ, ಇಂಗ್ಲಿಷಿನಲ್ಲಿ, ಮತ್ತು ನನ್ನ ಗಣಿತದಲ್ಲಿ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಕಟ್ಟಿ ಮತ್ತೆ ನಪಾಸಾದ. ಆಗಿನ ಏರ್ಪಾಟು ಹಾಗಿತ್ತು: ಹತ್ತು ವರ್ಷಗಳ ಓದಿಗೆ ಒಂದೇ ಮಾತಿನ ತೀರ್ಪು. ಪಾಸು, ಇಲ್ಲವೆ ನಪಾಸು. ನಪಾಸಾದವನಿಗೆ ಏನು ಬರುತ್ತದೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಮುಂದಿನ ವರ್ಷ, ೧೯೮೭ರ ಮಳೆಗಾಲದಲ್ಲಿ, ಒಂದು ಸಂಜೆ ಅವನು ಶಾಲೆಗೆ ಬಂದ. ಹೆಡ್‌ಮಾಸ್ಟರು ರಜೆಯ ಮೇಲಿದ್ದರು, ನಾನೇ ಪ್ರಭಾರದಲ್ಲಿದ್ದೆ. ಪಟ್ಟಣದಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಒಂದು ವರ್ಕ್‌ಷಾಪಿನಲ್ಲಿ ಕೆಲಸ ಕೇಳಲು ಹೋಗಿದ್ದನಂತೆ. ಯಜಮಾನರು “ಏನಾದರೂ ಕಾಗದ ಇದೆಯೇನಯ್ಯ?” ಎಂದರಂತೆ. ಇವನು ಪ್ರಗತಿಪತ್ರ ತೋರಿಸಿ, “ಕಾರ್ಯಾನುಭವದಲ್ಲಿ ಎ ಬಂದದೆ” ಎಂದನಂತೆ. ಯಜಮಾನರು ನಕ್ಕರಂತೆ. ಅವರ ತಮ್ಮನ ಮಗ ಇವನ ಸಹಪಾಠಿ, ಅವನಿಗೂ ‘ಎ’. ಅವನಿಗೆ ಬಲ್ಬು ಹಾಕುವುದಕ್ಕೂ ಬಾರದೆಂದು ಮನೆಯವರೆಲ್ಲ ಬಲ್ಲರು.

“ಬ್ಯಾರೆ ಏನಾದ್ರೂ ಬರೆದುಕೊಡಿ ಸಾ. ನಾನು ಪಂಪು ಮಾಡಿದ್ದನ್ನ ನೀವು ನೋಡಿದ್ರಲ್ಲ, ಅದನ್ನೇ ಬರೆದುಕೊಡಿ.”

ನಾನು ಯೋಚನೆಗೆ ಬಿದ್ದೆ. ಸ್ಕೂಲಿನ ಮೊಹರು ಹಾಕಿ ಪಂಪು ರಿಪೇರಿಗೆ ಸರ್ಟಿಫಿಕೇಟು ಕೊಡಬಹುದೆ? ಕೊಡುವುದಕ್ಕೆ ನಾನು ಯಾರು? ಗಣಿತದ ಮೇಷ್ಟ್ರು. ನಾಳೆ ಇವನಿಗೆ ಕರೆಂಟು ಹೊಡೆದರೆ ಜವಾಬ್ದಾರಿ ಯಾರದು? ಯಾವ ಸುತ್ತೋಲೆಯಲ್ಲಿ ಇದಕ್ಕೆ ಅವಕಾಶವಿದೆ? ನಾನು ನೋಡದೇ ಇದ್ದ ಸಂಗತಿಯನ್ನು ನಲವತ್ತೆರಡು ಸಲ ಬರೆದು ರುಜು ಹಾಕುವಾಗ ಈ ಪ್ರಶ್ನೆಗಳಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ. ಕಣ್ಣಾರೆ ನೋಡಿದ್ದನ್ನು ಒಂದು ಸಲ ಬರೆಯಬೇಕಾಗಿ ಬಂದಾಗ ಎಲ್ಲವೂ ಒಟ್ಟಿಗೆ ಹೊಳೆದವು.

ಕೊನೆಗೆ ರೂಢಿಯಲ್ಲಿದ್ದ ನಡತೆಯ ಪತ್ರವನ್ನೇ ಬರೆದುಕೊಟ್ಟೆ: ‘ನನಗೆ ತಿಳಿದಮಟ್ಟಿಗೆ ಈತನ ನಡತೆಯು ತೃಪ್ತಿಕರವಾಗಿರುತ್ತದೆ.’

ಅವನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ. “ಇದ್ರಲ್ಲಿ ಮೋಟ್ರಿನ ವಿಷ್ಯ ಇಲ್ವಲ್ಲ ಸಾ?”

“ಹಾಗೆಲ್ಲ ಬರೆಯೋದಕ್ಕೆ ಬರೋದಿಲ್ಲಪ್ಪ.”

“ನೀವು ನೋಡಿದ್ರಲ್ಲ ಸಾ” ಎಂದ. ಆಕ್ಷೇಪಣೆಯ ಧ್ವನಿಯೇನೂ ಇರಲಿಲ್ಲ. ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ ಎನ್ನುವ ಹಾಗೆ. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ನಮಸ್ಕಾರ ಮಾಡಿ ಹೋದ. ಯಾವುದೋ ಲಾರಿಯ ಮೇಲೆ ಕ್ಲೀನರಾಗಿ ಹೊರಟುಹೋದನೆಂದು ಆಮೇಲೆ ಯಾರೋ ಹೇಳಿದರು. ಮತ್ತೆ ನಾನು ಅವನನ್ನು ನೋಡಲಿಲ್ಲ.

ಆದ್ದರಿಂದ ಈಗಿನ ಚಿಕ್ಕ ಸರ್ಟಿಫಿಕೇಟುಗಳ ವಿಷಯದಲ್ಲಿ ಸ್ನೇಹಿತರು ಪಾರ್ಕಿನ ಬೆಂಚಿನ ಮೇಲೆ ಕುಳಿತು “ಎಲ್ಲಾ ಬೂಟಾಟಿಕೆ ಸ್ವಾಮಿ” ಎಂದು ತಳ್ಳಿಹಾಕುವಾಗ ನಾನು ಹೂಂಗುಟ್ಟಲಾರೆ. ಆ ಹುಡುಗನಿಗೆ ಬೇಕಾಗಿದ್ದದ್ದು ಅಂಥದೇ ಒಂದು ಚೀಟಿ. ದೊಡ್ಡ ಪರೀಕ್ಷೆ ಎಂಬ ಒಂದೇ ಬಾಗಿಲಿರುವ ಮನೆಯಲ್ಲಿ, ಆ ಬಾಗಿಲು ಮುಚ್ಚಿದ ಮಗುವಿಗೆ ಒಂದು ಕಿಂಡಿಯಾದರೂ ಬೇಡವೆ? ಕಲಿತದ್ದು ಎಷ್ಟೇ ಸಣ್ಣದಿರಲಿ, ಅದು ಲೆಕ್ಕಕ್ಕೆ ಬರಲಿ, ನಪಾಸು ಎಂಬ ಒಂದು ಮಾತಿನಿಂದ ಅಳಿಸಿಹೋಗದಿರಲಿ ಎಂಬ ವಿಚಾರ ನ್ಯಾಯವಾದದ್ದು. ಅದು ಮೂವತ್ತೈದು ನಲವತ್ತು ವರ್ಷ ಮುಂಚೆ ಬರಬೇಕಾಗಿತ್ತು.

ಆದರೆ ಎರಡು ಮಾತು ನನ್ನನ್ನು ಕಾಡುತ್ತವೆ. ಒಂದು, ಎಲ್ಲರಿಗೂ ‘ಎ’ ಕೊಟ್ಟ ನನ್ನ ಔದಾರ್ಯದ್ದು. ಖೋಟಾ ನಾಣ್ಯ ಹೊರಬಿದ್ದರೆ ನಷ್ಟವಾಗುವುದು ನಾಣ್ಯವಿಲ್ಲದವನಿಗಲ್ಲ. ಒಂದೇ ಒಂದು ಅಸಲಿ ನಾಣ್ಯವಿದ್ದವನಿಗೆ. ವಕೀಲರ ಮಗನಿಗೆ, ಸಾಹುಕಾರರ ಮಗನಿಗೆ ಕಾರ್ಯಾನುಭವದ ‘ಎ’ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅದನ್ನೇ ನಂಬಿದ್ದವನು ಆ ಹುಡುಗನೊಬ್ಬ. ಉಳಿದ ನಲವತ್ತೊಂದು ‘ಎ’ಗಳು ಸೇರಿ ಅವನ ‘ಎ’ಯನ್ನು ಕೊಂದವು. ಈಗ ಕಾಗದದ ಮೂಲೆಯಲ್ಲಿ ಕಪ್ಪು ಚೌಕ ಬಂದಿದೆ. ಕಾಗದವನ್ನು ಇಂಥ ಶಾಲೆಯೇ ಕೊಟ್ಟಿತೆಂದು ಅದು ಖಂಡಿತವಾಗಿ ಹೇಳುತ್ತದೆ. ಕಾಗದದಲ್ಲಿ ಬರೆದದ್ದು ನಿಜವೇ ಎಂಬುದನ್ನು ಅದು ಹೇಳಲಾರದು; ಅದನ್ನು ನೋಡಿದ ಮನುಷ್ಯನೇ ಹೇಳಬೇಕು. ನನ್ನ ನಲವತ್ತೆರಡು ರುಜುಗಳೂ ಅಸಲಿಯೇ.

ಇನ್ನೊಂದು ಭಯ ಇದಕ್ಕಿಂತ ಸೂಕ್ಷ್ಮವಾದದ್ದು. ಪಂಪಿನ ಹುಡುಗನಿಗೆ ಪಂಪಿನ ಚೀಟಿ ಕೊಟ್ಟು, ‘ನಿನಗೆ ಇಷ್ಟು ಸಾಕು’ ಎಂದು ಕಳುಹಿಸಿಬಿಟ್ಟರೆ? ಉಳ್ಳವರ ಮಕ್ಕಳು ಡಿಗ್ರಿಯ ಜೊತೆಗೆ ಶೋಭೆಗಾಗಿ ಹತ್ತು ಚೀಟಿ ಅಂಟಿಸಿಕೊಳ್ಳುವುದು, ಇಲ್ಲದವರ ಮಕ್ಕಳು ಡಿಗ್ರಿಯ ಬದಲಿಗೆ ಒಂದು ಚೀಟಿ ಹಿಡಿದುಕೊಂಡು ಹೊರಡುವುದು, ಹೀಗೆ ಆದರೆ ಅದು ಕಿಂಡಿಯಲ್ಲ, ಹಿತ್ತಲ ಬಾಗಿಲು. ಅವನ ಕೈಗೆ ಬಂದಿದ್ದ ಇಪ್ಪತ್ತೈದು ಅಡಿಯಿಂದ ಹೊರಟು ೭೬ ಸೆಂಟಿಮೀಟರಿನವರೆಗೆ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಬೇಕಾದದ್ದು ನನ್ನ ಕೆಲಸವಾಗಿತ್ತು. ಆ ‘ಯಾಕೋ ಗೊತ್ತಿಲ್ಲ ಸಾ’ ಎಂಬ ಮಾತು ಪಾಠದ ಮೊದಲ ವಾಕ್ಯವಾಗಬೇಕಾಗಿತ್ತು. ಚೀಟಿ ಆ ದಾರಿಯಲ್ಲಿ ಒಂದು ಮೈಲಿಗಲ್ಲಾದರೆ ಚೆನ್ನ. ದಾರಿ ಮುಗಿಯಿತೆಂಬ ಬೋರ್ಡಾಗಬಾರದು.

ಇಷ್ಟೆಲ್ಲ ಯೋಚನೆಗಳನ್ನು ಏಳನೆಯ ತರಗತಿಯ ಹುಡುಗಿಗೆ ಹೇಳುವುದುಂಟೆ? “ಕಟ್ಟು ಹಾಕಿಸೋಣ, ಅದಕ್ಕೆ ಮುಂಚೆ ಒಂದು ಕೇಕು ಮಾಡೋಣ” ಎಂದೆ. ನನ್ನಾಕೆ ಹಳೆಯ ಕುಕ್ಕರಿನ ತಳದಲ್ಲಿ ಮರಳು ಹರಡಿ, ಅದರ ಮೇಲೊಂದು ತಟ್ಟೆ ಕವುಚಿ, ರಬ್ಬರು ವಿಷಲ್ಲುಗಳನ್ನು ತೆಗೆದಿಟ್ಟು ಕೊಟ್ಟಳು. ಮೈದಾ, ಸಕ್ಕರೆ, ಮೊಸರು, ಸೋಡಾ ಎಲ್ಲವನ್ನೂ ಹುಡುಗಿಯೇ ಅಳೆದಳು. ಮೂಗಿನ ಮೇಲೂ ಸ್ವಲ್ಪ ಅಳೆದುಕೊಂಡಳು. ಹದಿನೈದು ನಿಮಿಷಕ್ಕೆ ಘಮಘಮ ವಾಸನೆ ಬಂತು. ತಡೆಯಲಾರದೆ ಮುಚ್ಚಳ ತೆಗೆದು ಇಣುಕಿದಳು. ಉಬ್ಬಿ ನಿಂತಿದ್ದ ಕೇಕು ನಮ್ಮ ಕಣ್ಣೆದುರಿಗೇ ನಡುವೆ ಕುಸಿದು ಬಾವಿಯಾಯಿತು.

“ಅಯ್ಯೋ! ಏಳನೇ ಪ್ರಶ್ನೆ ಇದೇನೇ ಇತ್ತು ತಾತ” ಎಂದ ಅವಳ ಕಣ್ಣಲ್ಲಿ ನೀರು. “ಬೇಯುವಾಗ ನಡುವೆ ಯಾಕೆ ತೆರೆಯಬಾರದು ಅಂತ. ನಾನು ಸರಿಯಾಗಿಯೇ ಗುರುತು ಹಾಕಿದ್ದೆ!”

“ಆಗ ಗೊತ್ತಿತ್ತು, ಈಗ ಬಂತು” ಎಂದಳು ಅವಳ ಅಜ್ಜಿ. ಈ ವಿಷಯದಲ್ಲಿ ನಾನು ಬರೆದ ಇಷ್ಟುದ್ದದ ಪ್ರಬಂಧಕ್ಕಿಂತ ಆ ನಾಲ್ಕು ಮಾತು ಮೇಲು.

ಸಂಜೆ ಎರಡನೆಯ ಸಲ ಮಾಡಿದಳು. ನಲವತ್ತು ನಿಮಿಷ ಮುಚ್ಚಳದ ಮೇಲೆ ಕಣ್ಣಿಟ್ಟು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು. ಕೇಕು ನಿಂತಿತು. ಒಂದು ಪಕ್ಕ ಸ್ವಲ್ಪ ಸೀದಿತ್ತು.

ರಾತ್ರಿ ಊಟವಾದ ಮೇಲೆ ನಾನು ಆ ಚಿನ್ನದ ಬಳ್ಳಿಯ ಕಾಗದವನ್ನು ತರಿಸಿಕೊಂಡು, ಅದರ ಬೆನ್ನ ಮೇಲೆ ಪೆನ್ನಿನಿಂದ ಬರೆದೆ: ‘ಮೊದಲನೆಯ ಕೇಕು ನಡುವೆ ಕುಸಿಯಿತು. ಎರಡನೆಯದು ನಿಂತಿತು, ಎಡಗಡೆ ಸೀದಿತ್ತು. ಎರಡನ್ನೂ ಈಕೆಯೇ ಮಾಡಿದಳು. ನಾನು ನೋಡಿದೆ.’ ಕೆಳಗೆ ರುಜು ಹಾಕಿ ತಾರೀಖು ಬರೆದೆ.

“ಕುಸಿಯಿತು ಅಂತ ಯಾಕೆ ಬರೆದೆ ತಾತ? ಸರ್ಟಿಫಿಕೇಟಲ್ಲಿ ಯಾರಾದರೂ ಹಾಗೆ ಬರೀತಾರಾ?” ಎಂದು ಅವಳು ಮುಖ ಸಿಂಡರಿಸಿದಳು. ಆಮೇಲೆ ಇನ್ನೊಮ್ಮೆ ಓದಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟ್ಟು ಹಾಕಿಸಿದರೆ ಈ ಕಡೆ ಕಾಣಿಸೋದಿಲ್ಲವಲ್ಲ” ಎಂದಳು.

ಕಟ್ಟು ಹಾಕಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಆ ಕಾಗದ ಮೇಜಿನ ಸೆಳೆಯಲ್ಲಿದೆ. ನನ್ನ ಕೈಬರಹ ಮೊದಲಿನಷ್ಟು ಚೆನ್ನಾಗಿಲ್ಲ, ಬೆರಳು ನಡುಗುತ್ತದೆ. ಆದರೂ ಆ ನಾಲ್ಕು ಸಾಲು ಬರೆಯಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಎರಡೇ ನಿಮಿಷ.